ಹೆಬ್ಬೆರಳಿನಷ್ಟು ಜಾಗ

ಕಳೆದ ಜೂನ್‌ನಲ್ಲಿ ಶಾಲೆ ಶುರುವಾದ ವಾರ. ಹೊರಗೆ ಜೋರು ಮಳೆ. ಉಪ್ಪಳದ ನಮ್ಮ ಚಪ್ಪಲಿ ಅಂಗಡಿಯೊಳಗೆ ಕಾಲಿಡಲು ಜಾಗವಿಲ್ಲ. ಆ ಗದ್ದಲದ ನಡುವೆ ನಮ್ಮ ಪರಿಚಯದವರೇ ಒಬ್ಬರು ತಾಯಿ ಹನ್ನೊಂದು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದರು. ಶಾಲೆಯ ಕಪ್ಪು ಶೂ ಆಯಿತು, ಸಾಕ್ಸ್ ಆಯಿತು. ದುಡ್ಡು ಕೊಡುವ ಹೊತ್ತಿಗೆ ಮಗಳು ಉಮ್ಮನ ಕೈ ಎಳೆದಳು. ತಾಯಿ ಅತ್ತಿತ್ತ ನೋಡಿ, ಸ್ವರ ತಗ್ಗಿಸಿ, ಫೋನನ್ನು ನನ್ನ ಮುಂದೆ ಹಿಡಿದರು.

"ಇದೊಂದು ತರಿಸಿ ಕೊಡ್ಲಿಕ್ಕೆ ಆಗ್ತದಾ ನೋಡಿ. ಆನ್‌ಲೈನಿನಲ್ಲಿ ಸಾವಿರದ ಇನ್ನೂರಕ್ಕೆ ಉಂಟು. ಒಂದು ನಂಬರ್ ದೊಡ್ಡದೇ ಇರಲಿ, ಎರಡು ವರ್ಷ ಬರ್ಬೇಕಲ್ಲ."

ಫೋನಿನಲ್ಲಿದ್ದದ್ದು ತಿಳಿ ಗುಲಾಬಿ ಬಣ್ಣದ ಸ್ಯಾಟಿನ್ ಶೂ. ಉದ್ದ ರಿಬ್ಬನ್, ಮೊಂಡು ಮೂತಿ. ಬ್ಯಾಲೆ ಕುಣಿಯುವವರು ಬೆರಳ ತುದಿಯ ಮೇಲೆ ನಿಲ್ಲಲು ಹಾಕುವ ಪಾಯಿಂಟ್ ಶೂ. ಹುಡುಗಿ ವಿಡಿಯೊ ನೋಡಿ ಮನೆಯಲ್ಲೇ ಕಲಿಯುತ್ತಿದ್ದಾಳಂತೆ.

ನಾನು, "ಇದು ಬೇಡ" ಎಂದೆ.

ಅಷ್ಟರಲ್ಲಿ ಇನ್ನೊಬ್ಬರು ಮಳೆಗಾಲದ ಚಪ್ಪಲಿ ಕೇಳಿದರು, ನಾನು ಆಚೆ ತಿರುಗಿದೆ. ಪುನಃ ಈಚೆ ತಿರುಗುವಾಗ ತಾಯಿ ಮಗಳ ಕೈ ಹಿಡಿದು ಮೆಟ್ಟಿಲು ಇಳಿಯುತ್ತಿದ್ದರು. "ಹೇಳಿದ್ದೆನಲ್ಲ, ಇವರೂ ಹಾಗೇ ಹೇಳೋದು" ಎಂದು ಮಗಳಿಗೆ ಹೇಳಿದ್ದು ನನಗೆ ಕೇಳಿಸಿತು.

ಅವರಿಗೆ ಅರ್ಥವಾದದ್ದು ಏನೆಂದು ನನಗೆ ಗೊತ್ತು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇಂಥದ್ದೆಲ್ಲ ಬೇಡ ಎಂದು ಅಂಗಡಿಯವನೂ ಬುದ್ಧಿ ಹೇಳಿದ ಎಂದುಕೊಂಡರು. ನನ್ನ 'ಬೇಡ' ಅದಾಗಿರಲಿಲ್ಲ. ಕುಣಿಯಬೇಕೋ ಬಾರದೋ ಎನ್ನುವುದು ಆ ಮನೆಯವರ ವಿಷಯ, ಅದಕ್ಕೆ ನಾನು ಹೋಗುವುದಿಲ್ಲ. ನಾನು ಬೇಡ ಎಂದದ್ದು ಆ ಶೂವಿಗೆ, ಅದರಲ್ಲೂ ಆ 'ಒಂದು ನಂಬರ್ ದೊಡ್ಡದು' ಎನ್ನುವ ಮಾತಿಗೆ. ಅಂದು ಅಂಗಡಿಯಲ್ಲಿ ಹೇಳಲು ಪುರುಸೊತ್ತು ಇರಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ಮೊದಲು ಉಪ್ಪನ ಹೆಬ್ಬೆರಳಿನ ವಿಷಯ ಹೇಳಬೇಕು.

ನಾನು ಹುಟ್ಟುವ ಮೊದಲೇ ಉಪ್ಪ ಈ ಅಂಗಡಿ ಹಾಕಿದ್ದರು. ಅಳತೆಗೆ ಮರದ ಪಟ್ಟಿ ಇತ್ತು, ಆದರೆ ಅವರು ನಂಬಿದ್ದು ಕೈಯನ್ನು. ಮಗುವಿಗೆ ಶೂ ಹಾಕಿಸಿ, ಎರಡೂ ಕಾಲಿನ ಮೇಲೆ ಭಾರ ಹಾಕಿ ನಿಲ್ಲಿಸಿ, ಶೂವಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಕಾಲಿನ ತುದಿಗೂ ಶೂವಿನ ತುದಿಗೂ ನಡುವೆ ಹೆಬ್ಬೆರಳು ಅಡ್ಡ ಕೂರುವಷ್ಟು ಜಾಗ ಇದ್ದರೆ ಆಯಿತು. ಜೂನ್‌ನಲ್ಲೂ ಪೆರ್ನಾಲ್ ಹಬ್ಬದ ಹಿಂದಿನ ದಿನಗಳಲ್ಲೂ ಅವರದ್ದು ಇದೇ ಕೆಲಸ. ಮಕ್ಕಳು ಹೆಚ್ಚಿದ್ದ ಮನೆಯವರು ಎರಡು ಹೆಬ್ಬೆರಳಿನ ಜಾಗ ಕೇಳುತ್ತಿದ್ದರು. ಉಪ್ಪ ಒಪ್ಪುತ್ತಿರಲಿಲ್ಲ. "ಹಿಮ್ಮಡಿ ಎದ್ದು ಬರ್ತದೆ, ಮಗು ಎಡವಿ ಬೀಳ್ತದೆ" ಎಂದು ಹೇಳಿ ವ್ಯಾಪಾರವನ್ನೇ ಬಿಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಒಮ್ಮೆ ನನಗೆ ಹೇಳಿದ್ದರು, "ಕಾಲು ಸುಳ್ಳು ಹೇಳುವುದಿಲ್ಲ ಮೋನೇ, ಬಾಯಿ ಹೇಳ್ತದೆ. ಶೂ ಚಂದ ಕಂಡರೆ ನೋವಾದರೂ ಮಕ್ಕಳು ಇಲ್ಲ ಅಂತವೆ. ನೀನು ಮುಖ ನೋಡಬೇಡ, ಕಾಲು ನೋಡು."

ಮಂಗಳೂರಿಗೆ ಟ್ರೈನಿನಲ್ಲಿ ಹೋಗಿ ಬಂದು ಮೆಕ್ಯಾನಿಕಲ್ ಡಿಪ್ಲೊಮಾ ಮಾಡುವಾಗ ಇದೇ ವಿಷಯ ನನಗೆ ಬೇರೆ ಹೆಸರಿನಲ್ಲಿ ಸಿಕ್ಕಿತು. ಒಂದು ತೂತಿನೊಳಗೆ ಒಂದು ಶಾಫ್ಟ್ ಕೂರಬೇಕು. ನಡುವೆ ಸ್ವಲ್ಪ ಜಾಗ ಬಿಟ್ಟರೆ ಅದು ಕ್ಲಿಯರೆನ್ಸ್ ಫಿಟ್, ಶಾಫ್ಟ್ ಆರಾಮವಾಗಿ ತಿರುಗುತ್ತದೆ. ಜಾಗವೇ ಇಲ್ಲದೆ ಬಿಗಿಯಾಗಿ ಒತ್ತಿ ಕೂರಿಸಿದರೆ ಇಂಟರ್‌ಫಿಯರೆನ್ಸ್ ಫಿಟ್, ಎರಡು ಭಾಗವೂ ಒಂದೇ ಆಗಿ ಕೆಲಸ ಮಾಡುತ್ತವೆ. ಉಪ್ಪನ ಹೆಬ್ಬೆರಳು ಎಂದರೆ ಕ್ಲಿಯರೆನ್ಸ್ ಎಂದು ನಾನು ಮನೆಯಲ್ಲಿ ಹೇಳಿದಾಗ ಉಮ್ಮ, "ಇದಕ್ಕೆ ಮೂರು ವರ್ಷ ಫೀಸ್ ಕಟ್ಟಬೇಕಿತ್ತಾ" ಎಂದು ನಕ್ಕಿದ್ದರು.

ಡಿಪ್ಲೊಮಾ ಮುಗಿಸಿ ಎರಡು ವರ್ಷ ವರ್ಕ್‌ಶಾಪಿನಲ್ಲಿ ದುಡಿದು, 2012ರಲ್ಲಿ ನಮ್ಮವರೆಲ್ಲ ಹೋದ ದಾರಿಯಲ್ಲೇ ದುಬೈಗೆ ಹೋದೆ. ಮೆಕ್ಯಾನಿಕಲ್ ಕೆಲಸ ಸಿಗಲಿಲ್ಲ. ಚಪ್ಪಲಿ ಅಂಗಡಿಯವನ ಮಗ ಎಂದು ಮಾಮ ಯಾರಿಗೋ ಹೇಳಿ, ಕುಣಿತದ ಬಟ್ಟೆ ಮತ್ತು ಶೂ ಮಾರುವ ಒಂದು ಅಂಗಡಿಗೆ ಸೇರಿಸಿದರು. ಕುಣಿಯಲು ಬೇರೆ ಶೂ ಇರುತ್ತದೆ ಎನ್ನುವುದೇ ನನಗೆ ಹೊಸದು. ಶಾಲೆಯಲ್ಲಿ ನಾನು ಕೋಲ್ಕಳಿ ತಂಡದಲ್ಲಿದ್ದವನು. ಕಲೋತ್ಸವಕ್ಕೆಂದು ಮುರಕಲ್ಲಿನ ಅಂಗಳದಲ್ಲಿ ಬರಿಗಾಲಿನಲ್ಲಿ ಹಾರಿ, ಕೂತು, ಎದ್ದು ಅಭ್ಯಾಸ ಮಾಡಿದವರು ನಾವು. ಕಾಲಿನ ಚರ್ಮವೇ ನಮ್ಮ ಶೂ.

ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುತ್ತಾ ಒಂದೊಂದನ್ನೇ ಬಿಚ್ಚಿ ನೋಡತೊಡಗಿದೆ. ನೋಡಿದಷ್ಟೂ ನನಗೆ ಅನಿಸಿದ್ದು ಒಂದೇ: ಕುಣಿತದ ಶೂ ಕಾಲನ್ನು ಮುಚ್ಚಲು ಮಾಡಿದ್ದಲ್ಲ. ಕಾಲಿಗೂ ನೆಲಕ್ಕೂ ನಡುವೆ ಕೂರಿಸುವ ಒಂದು ಯಂತ್ರಭಾಗ ಅದು. ಎಷ್ಟು ಜಾರಬೇಕು, ಎಷ್ಟು ಹಿಡಿಯಬೇಕು, ಎಲ್ಲಿ ಬಾಗಬೇಕು, ಎಲ್ಲಿ ಬಾಗಬಾರದು ಎಂದು ಪ್ರತಿ ಕುಣಿತವೂ ಬೇರೆ ಬೇರೆ ಕೇಳುತ್ತದೆ. ಅದಕ್ಕೆ ತಕ್ಕ ಹಾಗೆ ಶೂ ಮಾಡುತ್ತಾರೆ.

ಬ್ಯಾಲೆ ಕಲಿಯುವ ಮಕ್ಕಳು ಮೊದಲು ಹಾಕುವುದು ಮೆತ್ತನೆಯ ಸ್ಲಿಪ್ಪರ್. ಕ್ಯಾನ್ವಾಸ್ ಅಥವಾ ತೆಳು ಚರ್ಮದ್ದು. ಬಾಯಿಯ ಸುತ್ತ ಒಂದು ದಾರ ಇರುತ್ತದೆ, ಅದನ್ನು ಎಳೆದು ಕಾಲಿಗೆ ಸರಿ ಮಾಡಿ ಗಂಟು ಹಾಕಬೇಕು. ಮೇಲೆ ಒಂದು ಎಲಾಸ್ಟಿಕ್. ಅಡಿಯಲ್ಲಿ ತೆಳು ಚರ್ಮದ ಸೋಲ್. ಅದು ಇಡೀ ಉದ್ದಕ್ಕೆ ಒಂದೇ ತುಂಡಾಗಿದ್ದರೆ ಫುಲ್ ಸೋಲ್. ಮುಂಗಾಲಿಗೆ ಒಂದು, ಹಿಮ್ಮಡಿಗೆ ಒಂದು ಎಂದು ಎರಡು ತುಂಡಾಗಿ, ನಡುವೆ ಬರೀ ಬಟ್ಟೆ ಇದ್ದರೆ ಸ್ಪ್ಲಿಟ್ ಸೋಲ್. ಫುಲ್ ಸೋಲ್ ಒಂದಿಷ್ಟು ಅಡ್ಡಿ ಮಾಡುತ್ತದೆ, ಅದನ್ನು ಬಾಗಿಸುತ್ತಾ ಸಣ್ಣ ಮಕ್ಕಳ ಪಾದ ಗಟ್ಟಿಯಾಗಲಿ ಎಂದು ಕೆಲವು ಟೀಚರ್‌ಗಳು ಅದನ್ನೇ ಹೇಳುತ್ತಾರೆ. ಸ್ಪ್ಲಿಟ್ ಸೋಲ್ ಕಾಲಿನ ಕಮಾನಿಗೆ ಅಂಟಿಕೊಂಡು ಬಾಗುತ್ತದೆ. ಜಾಝ್ ಶೂವಿನಲ್ಲೂ ಹೀಗೆಯೇ, ಹಿಂದೆ ಒಂದು ಗಿಡ್ಡ ರಬ್ಬರ್ ಹಿಮ್ಮಡಿ ಹೆಚ್ಚು.

ಸಾಲ್ಸಾ, ಬಾಲ್‌ರೂಮ್ ಕುಣಿಯುವವರ ಶೂ ನೋಡಲು ಮದುವೆಯ ಶೂ ಹಾಗೆಯೇ ಇರುತ್ತದೆ. ಹೆಂಗಸರದ್ದು ಸ್ಯಾಟಿನ್, ಎತ್ತರದ ಹೀಲ್. ಗಂಡಸರ ಲ್ಯಾಟಿನ್ ಶೂವಿಗೆ ಸುಮಾರು ಒಂದೂವರೆ ಇಂಚಿನ ಕ್ಯೂಬನ್ ಹೀಲ್. ಒಳಗೆ ಕಮಾನಿನ ಅಡಿಯಲ್ಲಿ ಉಕ್ಕಿನ ಪಟ್ಟಿ ಇರುತ್ತದೆ, ಅದಿಲ್ಲದಿದ್ದರೆ ಹೀಲ್ ಮೇಲೆ ಭಾರ ಬಿದ್ದಾಗ ಶೂ ನಡುವಿನಲ್ಲಿ ಕುಸಿಯುತ್ತದೆ. ತಿರುಗಿಸಿ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಸೋಲ್ ರಬ್ಬರ್ ಅಲ್ಲ, ಸ್ವೇಡ್. ಅಂದರೆ ಎಳೆ ಎಬ್ಬಿಸಿದ ಚರ್ಮ. ಅದು ಮರದ ನೆಲದಲ್ಲಿ ಬೇಕಾದಷ್ಟು ಜಾರುತ್ತದೆ, ಬೇಕಾದಷ್ಟೇ ಹಿಡಿಯುತ್ತದೆ. ಬಳಸಿ ಬಳಸಿ ಎಳೆ ಮಲಗಿ ನುಣುಪಾದರೆ ತಂತಿಯ ಬ್ರಷ್‌ನಿಂದ ಉಜ್ಜಿ ಎಬ್ಬಿಸಬೇಕು. ಅದನ್ನು ಹಾಕಿಕೊಂಡು ರಸ್ತೆಗೆ ಇಳಿದರೆ ಶೂವಿನ ಕಥೆ ಮುಗಿಯಿತು.

ಒಬ್ಬ ಗಿರಾಕಿ ಇದ್ದರು. ಮನೆಯ ಟೈಲ್ಸ್‌ನಲ್ಲಿ ಸ್ವೇಡ್ ಜಾರುತ್ತದೆ, ರಬ್ಬರ್ ಅಂಟಿಸಿ ಕೊಡು ಎಂದರು. ಕೊಟ್ಟೆ. ಕೆಲವು ವಾರ ಕಳೆದು ಮೊಣಕಾಲು ಹಿಡಿದುಕೊಂಡು ಬಂದರು. ಮೈ ತಿರುಗುತ್ತದೆ, ಆದರೆ ರಬ್ಬರ್ ನೆಲ ಬಿಡುವುದಿಲ್ಲ. ಆ ತಿರುಚು ಎಲ್ಲಿಗಾದರೂ ಹೋಗಬೇಕಲ್ಲ, ಮೊಣಕಾಲಿಗೆ ಹೋಯಿತು. ಪುನಃ ಸ್ವೇಡ್ ಹಾಕಿ ಕೊಟ್ಟೆ. ಇದೇ ಕಾರಣಕ್ಕೆ ಕುಣಿತದ ಸ್ನೀಕರ್ ಶೂಗಳಲ್ಲಿ ರಬ್ಬರ್ ಸೋಲ್ ಇದ್ದರೂ ಮುಂಗಾಲಿನ ಅಡಿಯಲ್ಲಿ ಒಂದು ದುಂಡನೆಯ ನುಣುಪು ಜಾಗ ಮಾಡಿರುತ್ತಾರೆ. ತಿರುಗುವುದು ಅದರ ಮೇಲೆ. ನಮ್ಮ ಮಕ್ಕಳು ಆನುವಲ್ ಡೇ ಸಿನಿಮಾ ಡಾನ್ಸಿಗೆ ಓಡುವ ಶೂ ಹಾಕಿಕೊಂಡು ಸ್ಟೇಜಿನಲ್ಲಿ ಗಿರಗಿರ ತಿರುಗುವುದನ್ನು ನೋಡುವಾಗ ನನಗೆ ಆ ಗಿರಾಕಿಯ ಮೊಣಕಾಲು ನೆನಪಾಗುತ್ತದೆ. ಓಡುವ ಶೂ ಮಾಡಿರುವುದೇ ನೆಲ ಬಿಡಬಾರದು ಎಂದು.

ನನ್ನ ಕೈಗೆ ಹೆಚ್ಚು ಒಗ್ಗಿದ್ದು ಟ್ಯಾಪ್ ಶೂ. ಮೂತಿಗೆ ಒಂದು, ಹಿಮ್ಮಡಿಗೆ ಒಂದು ಲೋಹದ ತಗಡು, ಹೆಚ್ಚಾಗಿ ಅಲ್ಯುಮಿನಿಯಂ, ಸಣ್ಣ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಸ್ಕ್ರೂ ಬಿಗಿ ಮಾಡಿದರೆ ಒಂದು ಸದ್ದು, ಚೂರು ಸಡಿಲ ಮಾಡಿದರೆ ಬೇರೆ ಸದ್ದು. ತೀರಾ ಸಡಿಲವಾದರೆ ತಲೆ ಹೊರಬಂದು ನೆಲ ಗೀರುತ್ತದೆ. ಸ್ಕ್ರೂ ಡ್ರೈವರ್ ಹಿಡಿದು ಅದನ್ನು ಸರಿ ಮಾಡುವಾಗ ಮಾತ್ರ ನನ್ನ ಡಿಪ್ಲೊಮಾ ಉಪಯೋಗಕ್ಕೆ ಬಂತು ಅನಿಸುತ್ತಿತ್ತು. ಸ್ಪೇನ್‌ನ ಫ್ಲಮೆಂಕೊ ಶೂವಿಗೆ ತಗಡು ಇಲ್ಲ, ಮೂತಿಗೂ ಹಿಮ್ಮಡಿಗೂ ಒತ್ತೊತ್ತಾಗಿ ಸಣ್ಣ ಮೊಳೆ ಹೊಡೆದಿರುತ್ತಾರೆ. ಅದರ ಸದ್ದು ಬೇರೆಯೇ.

ಇನ್ನು ಆ ಹುಡುಗಿ ಕೇಳಿದ ಪಾಯಿಂಟ್ ಶೂ.

ಹೊರಗೆ ಕಾಣುವ ಸ್ಯಾಟಿನ್ ಬರೀ ಹೊದಿಕೆ. ಒಳಗೆ ಬೆರಳುಗಳನ್ನು ಹಿಡಿಯುವ ಗಟ್ಟಿ ಭಾಗಕ್ಕೆ ಬಾಕ್ಸ್ ಎನ್ನುತ್ತಾರೆ. ಹಳೆ ಪದ್ಧತಿಯ ಶೂವಿನಲ್ಲಿ ಅದು ಕಬ್ಬಿಣವೂ ಅಲ್ಲ, ಮರವೂ ಅಲ್ಲ. ಗೋಣಿಯಂಥ ಬಟ್ಟೆ, ಕ್ಯಾನ್ವಾಸ್, ಕಾಗದ ಇವುಗಳ ಪದರಗಳಿಗೆ ಅಂಟು ಹಚ್ಚಿ, ಒಲೆಯ ಬಿಸಿಯಲ್ಲಿ ಒಣಗಿಸಿ ಗಟ್ಟಿ ಮಾಡಿದ್ದು. ಬಾಕ್ಸಿನ ತುದಿಯಲ್ಲಿ ಚಪ್ಪಟೆಯಾದ ಜಾಗ ಪ್ಲಾಟ್‌ಫಾರ್ಮ್, ನಿಲ್ಲುವುದು ಅದರ ಮೇಲೆ. ಬೆರಳುಗಳ ಮೇಲೆ ಮುಚ್ಚುವ ಭಾಗ ವ್ಯಾಂಪ್. ಎರಡು ಬದಿಯಿಂದ ಹಿಡಿಯುವ ಗಟ್ಟಿ ಭಾಗ ವಿಂಗ್. ಪಾದದ ಅಡಿಯಲ್ಲಿ ಬೆನ್ನುಮೂಳೆಯ ಹಾಗೆ ಇರುವ ಪಟ್ಟಿ ಶ್ಯಾಂಕ್, ಅದು ಗಟ್ಟಿ ರಟ್ಟು ಅಥವಾ ಚರ್ಮದ್ದು, ಈಗ ಪ್ಲಾಸ್ಟಿಕ್‌ನದೂ ಉಂಟು. ಹಳೆ ಕ್ರಮದಲ್ಲಿ ಶೂವನ್ನು ಒಳಗು ಹೊರಗು ಮಾಡಿ ಹೊಲಿದು, ಆಮೇಲೆ ಮಗುಚುತ್ತಾರೆ. ಸಾಮಾನ್ಯವಾಗಿ ಎಡ ಬಲ ಎಂಬುದಿಲ್ಲ, ಎರಡೂ ಒಂದೇ. ರಿಬ್ಬನ್ನೂ ಎಲಾಸ್ಟಿಕ್ಕೂ ಹೊಲಿದು ಬರುವುದಿಲ್ಲ. ಕುಣಿಯುವವರೇ ತಮ್ಮ ಕಾಲಿಗೆ ತಕ್ಕ ಜಾಗದಲ್ಲಿ ಹೊಲಿದುಕೊಳ್ಳಬೇಕು.

1832ರಲ್ಲಿ ಪ್ಯಾರಿಸ್‌ನಲ್ಲಿ 'ಲಾ ಸಿಲ್ಫೀಡ್' ಎಂಬ ಬ್ಯಾಲೆಯಲ್ಲಿ ಮರೀ ಟಾಗ್ಲಿಯೋನಿ ಎಂಬವರು ಬೆರಳ ತುದಿಯಲ್ಲಿ ಕುಣಿದು ಹೆಸರಾದರು. ಅವರ ಕಾಲಿನಲ್ಲಿದ್ದದ್ದು ಮೆತ್ತನೆಯ ಸ್ಯಾಟಿನ್ ಸ್ಲಿಪ್ಪರ್, ತುದಿಗೆ ಸೂಜಿ ದಾರದಲ್ಲಿ ಹೊಲಿಗೆ ಹಾಕಿ ಬಲ ಮಾಡಿದ್ದು. ಬಾಕ್ಸ್, ಶ್ಯಾಂಕ್ ಎಲ್ಲ ಆಮೇಲೆ ಸೇರಿದವು. ಲಂಡನ್ನಿನ ಫ್ರೀಡ್ ಕಂಪೆನಿ 1929ರಲ್ಲಿ ಶುರುವಾದದ್ದು. ಅಲ್ಲಿ ಇಂದಿಗೂ ಕೈಯಲ್ಲಿ ಶೂ ಮಾಡುವ ಕೆಲಸಗಾರರಿಗೆ ಒಬ್ಬೊಬ್ಬರಿಗೆ ಒಂದೊಂದು ಗುರುತಿದೆ, ಅದನ್ನು ಸೋಲ್ ಮೇಲೆ ಒತ್ತುತ್ತಾರೆ. ಕುಣಿಯುವವರು ಕಂಪೆನಿಯ ಹೆಸರಿಗಿಂತ ಆ ಗುರುತನ್ನೇ ಕೇಳುತ್ತಾರೆ. ನಮ್ಮೂರಿನಲ್ಲಿ ಇಂಥ ಟೈಲರ್‌ನೇ ಆಗಬೇಕು ಎನ್ನುವ ಹಾಗೆ.

ಆ ಗುಲಾಬಿ ಬಣ್ಣದ ಬಗ್ಗೆಯೂ ಒಂದು ಮಾತು. ಬಿಳಿಯರ ಚರ್ಮಕ್ಕೆ ಹೊಂದಿ, ಕಾಲಿನ ಗೆರೆ ಉದ್ದ ಕಾಣಲಿ ಎಂದು ಆ ಬಣ್ಣ. ಕಪ್ಪು, ಕಂದು ಮೈಬಣ್ಣದವರು ಎಷ್ಟೋ ವರ್ಷ ಶೂವಿಗೆ ಮುಖದ ಮೇಕಪ್ ಬಳಿದು ತಮ್ಮ ಬಣ್ಣಕ್ಕೆ ತರುತ್ತಿದ್ದರು. 2018ರಲ್ಲಿ ಫ್ರೀಡ್ ಕಂಪೆನಿ ಲಂಡನ್ನಿನ ಬ್ಯಾಲೆ ಬ್ಲ್ಯಾಕ್ ತಂಡದ ಜೊತೆ ಸೇರಿ ಕಂದು ಬಣ್ಣದ ಶೂ ತಂದಾಗ ಅದು ಪೇಪರಿನಲ್ಲಿ ಬರುವಷ್ಟು ದೊಡ್ಡ ಸುದ್ದಿಯಾಗಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಕೆಲಸಕ್ಕೆ ಸೇರಿ ಎರಡನೇ ವರ್ಷ. ಒಬ್ಬರು ತಾಯಿ ಹನ್ನೆರಡು ವರ್ಷದ ಮಗಳೊಂದಿಗೆ ಬಂದರು. ಮಗಳು ಐದು ವರ್ಷ ಬ್ಯಾಲೆ ಕಲಿತವಳು, ಟೀಚರ್ ಈಗ ಪಾಯಿಂಟ್ ಶೂ ತೆಗೆದುಕೊಳ್ಳಲು ಹೇಳಿದ್ದಾರೆ. ನಾನು ಫೋನಿನಲ್ಲಿ ಮನೆಗೆ ಮಾತಾಡುತ್ತಿದ್ದದ್ದು ಕೇಳಿ ತಾಯಿ, "ನೀವು ಬ್ಯಾರಿಯಾ?" ಎಂದು ನಮ್ಮ ಭಾಷೆಯಲ್ಲೇ ಕೇಳಿದರು. ಮಂಗಳೂರಿನ ಕಡೆಯವರು. ಮರಳುಗಾಡಿನಲ್ಲಿ ನಮ್ಮ ಭಾಷೆ ಕೇಳಿದರೆ ಹೇಗಾಗುತ್ತದೆ ಎಂದು ನಿಮಗೆ ಗೊತ್ತು. ಮಾತು ಬೆಳೆಯಿತು. ಶೂ ದುಬಾರಿ. "ಒಂದು ಸೈಜ್ ದೊಡ್ಡದು ಕೊಡಿ, ಬೆಳೆಯುವ ಮಗು" ಎಂದರು. ನಾನು ಉಪ್ಪನ ಮಗ. ಹೆಬ್ಬೆರಳಿನಿಂದ ಮೂತಿ ಒತ್ತಿ ನೋಡಿದೆ. ಹುಡುಗಿಯ ಮುಖವನ್ನೂ ನೋಡಿದೆ, ನಗುತ್ತಿದ್ದಳು. ಸರಿಯಾಗಿದೆ ಎಂದು ಕೊಟ್ಟುಬಿಟ್ಟೆ. ಊರಿನವರಿಗೆ ಒಂದು ಉಪಕಾರ ಮಾಡಿದೆ ಎಂಬ ಖುಷಿ ಬೇರೆ.

ಹತ್ತು ದಿನದಲ್ಲಿ ಮೂವರು ಬಂದರು. ತಾಯಿ, ಮಗಳು, ಟೀಚರ್. ಹುಡುಗಿಯ ಕಾಲಿನ ಹೆಬ್ಬೆರಳಿನ ಉಗುರು ಎರಡರಲ್ಲೂ ಕಪ್ಪಾಗಿತ್ತು. ಒಂದು ಗಿಣ್ಣು ಊದಿತ್ತು. ಟೀಚರ್ ಬೈಯಲಿಲ್ಲ. ಹುಡುಗಿಗೆ ಅದೇ ಶೂ ಹಾಕಿಸಿ, ಕೈಗೆ ಆಧಾರ ಕೊಟ್ಟು, ನೋವಿಲ್ಲದ ಕಾಲಿನಲ್ಲಿ ಒಂದು ಕ್ಷಣ ತುದಿಗೆ ಏರಿಸಿದರು. ಹಿಮ್ಮಡಿಯ ಹಿಂದಿನ ಬಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದು ನನಗೆ ತೋರಿಸಿದರು. ಚೂರು ಚಿವುಟುವಷ್ಟು ಬರಬೇಕಾದಲ್ಲಿ ಹಿಡಿಯಷ್ಟು ಬಂತು.

ನನಗೆ ಆಗ ತಲೆಗೆ ಹೊಳೆಯಿತು. ಚಪ್ಪಟೆ ನಿಂತಾಗ ನಮ್ಮ ಭಾರ ಇಡೀ ಪಾದಕ್ಕೆ ಹಂಚಿ ಹೋಗುತ್ತದೆ. ತುದಿಯಲ್ಲಿ ನಿಂತಾಗ ನೆಲಕ್ಕೆ ತಾಗುವುದು ದೊಡ್ಡ ನಾಣ್ಯದಷ್ಟು ಜಾಗ ಮಾತ್ರ. ನಲವತ್ತು ಕಿಲೋ ಆ ನಾಣ್ಯದ ಮೇಲೆ. ಆದರೆ ಸರಿಯಾದ ಶೂವಿನಲ್ಲಿ ಆ ಭಾರವೆಲ್ಲ ಬೆರಳ ತುದಿಗೆ ಬೀಳುವುದಿಲ್ಲ. ಬಾಕ್ಸೂ ವಿಂಗೂ ಪಾದದ ಮುಂಭಾಗವನ್ನು ಸುತ್ತಲಿಂದ ಹಿಡಿದು, ಭಾರದ ಒಂದು ಪಾಲನ್ನು ಬದಿಯಿಂದಲೇ ಎತ್ತುತ್ತವೆ. ಶ್ಯಾಂಕ್ ಅಡಿಯಿಂದ ಆನಿಸುತ್ತದೆ. ಬಿಗಿಯಾಗಿ ಹಿಡಿದರೆ ಮಾತ್ರ ಈ ಕೆಲಸ ನಡೆಯುತ್ತದೆ. ಜಾಗ ಬಿಟ್ಟರೆ ಪಾದ ಒಳಗೆ ಜಾರಿ ಕೆಳಗಿಳಿಯುತ್ತದೆ, ಪೂರ್ತಿ ಭಾರ ಉಗುರಿನ ಮೇಲೆ. ಶೂ ಒಂದು ಕಡೆ, ಕಾಲು ಒಂದು ಕಡೆ ತಿರುಗಿ ಗಿಣ್ಣು ಉಳುಕುತ್ತದೆ. ಕ್ಲಿಯರೆನ್ಸ್ ಇರಬಾರದ ಕಡೆ ನಾನು ಕ್ಲಿಯರೆನ್ಸ್ ಕೊಟ್ಟಿದ್ದೆ. ಶಾಲೆಯ ಶೂವಿನಲ್ಲಿ ಮಗುವನ್ನು ಕಾಪಾಡುವ ಹೆಬ್ಬೆರಳಿನ ಜಾಗವೇ ಇಲ್ಲಿ ಮಗುವನ್ನು ಬೀಳಿಸುತ್ತದೆ.

ನನ್ನ ಸಂಬಳದಿಂದ ಬೇರೆ ಜೊತೆ ಕೊಡಿಸಿದೆ. ಈ ಸಲ ಅಳತೆ ಮಾಡಿದ್ದು ಟೀಚರ್, ನಾನು ನೋಡಿ ಕಲಿತೆ. ನಿಂತಾಗ ಬೆರಳುಗಳು ಮಡಚದೆ ನೇರ ಮಲಗಬೇಕು, ಆದರೆ ತುದಿ ತಾಗಬೇಕು. ಮೊಣಕಾಲು ಬಗ್ಗಿಸಿದಾಗ ಇನ್ನೂ ಚೂರು ಒತ್ತಬೇಕು. ಅಗಲಕ್ಕೆ ಬೆರಳುಗಳು ಒಂದರ ಮೇಲೊಂದು ಹತ್ತಬಾರದು, ಅಲುಗಾಡಲೂಬಾರದು. ಶೂ ಗಾಳಿಯಲ್ಲಿ ಒಣಗಬೇಕು, ಬೆವರಿಗೆ ಅಂಟು ಮೆತ್ತಗಾಗುತ್ತದೆ. ಬಾಕ್ಸೂ ಶ್ಯಾಂಕೂ ಸತ್ತ ಮೇಲೆ ಸ್ಯಾಟಿನ್ ಎಷ್ಟು ಹೊಸದಿದ್ದರೂ ಅದನ್ನು ಹಾಕಬಾರದು. ದೊಡ್ಡ ತಂಡಗಳಲ್ಲಿ ಕುಣಿಯುವವರಿಗೆ ಒಂದೇ ರಾತ್ರಿಯಲ್ಲಿ ಒಂದು ಜೊತೆ ಮುಗಿಯುವುದುಂಟು. ಎರಡು ವರ್ಷ ಬರುವ ಪಾಯಿಂಟ್ ಶೂ ಎಂಬುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತನ್ನು ಟೀಚರ್ ಹೋಗುವಾಗ ಹೇಳಿದರು. ಟೀಚರ್ ಕಳಿಸದೆ ಬಂದ ಮಗುವಿಗೆ ಈ ಶೂ ಮಾರಬೇಡ. ಹನ್ನೊಂದು ಹನ್ನೆರಡು ವರ್ಷ ಎನ್ನುವುದು ಬರೀ ಲೆಕ್ಕ. ಕೆಲವು ವರ್ಷ ಮೆತ್ತನೆಯ ಶೂವಿನಲ್ಲಿ ಕಲಿತು, ಗಿಣ್ಣು, ಬೆನ್ನು, ಹೊಟ್ಟೆ ಗಟ್ಟಿಯಾಗಿದೆಯೇ ಎಂದು ನೋಡಿದವರು ಮಾತ್ರ ಸರಿ ಎನ್ನಬಹುದು. ಬೆಳೆಯುವ ಮಕ್ಕಳ ಪಾದದ ಎಲುಬು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ.

ಅಂದು ಉಪ್ಪಳದ ಅಂಗಡಿಯಲ್ಲಿ ನಾನು 'ಇದು ಬೇಡ' ಎಂದಾಗ ನನ್ನ ಕಣ್ಣಮುಂದೆ ಇದ್ದದ್ದು ದುಬೈಯ ಆ ಕಪ್ಪು ಉಗುರು.

2019ರಲ್ಲಿ ನಾನು ಊರಿಗೆ ಬಂದೆ. ಆ ನವೆಂಬರ್‌ನಲ್ಲಿ ರಾಜ್ಯ ಶಾಲಾ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೇ ಇತ್ತು. ಕೋಲ್ಕಳಿ ನೋಡಲು ಹೋದೆ. ಏಳು ವರ್ಷ ಶೂ ನೋಡಿದ ಕಣ್ಣಿಗೆ ಆ ಹುಡುಗರ ಬರಿಗಾಲೇ ಕಾಣುತ್ತಿತ್ತು. ಬೇಕಾದಷ್ಟು ಜಾರುವ, ಬೇಕಾದಷ್ಟೇ ಹಿಡಿಯುವ ಚರ್ಮ ಅವರ ಕಾಲಿನಲ್ಲೇ ಇತ್ತು. ನೆಲ ಹೇಗಿದೆ ಎಂದು ಕಾಲಿಗೆ ನೇರ ಗೊತ್ತಾಗುತ್ತಿತ್ತು. ಕಾಲು ಸುಳ್ಳು ಹೇಳುವುದಿಲ್ಲ ಎಂದು ಉಪ್ಪ ಹೇಳಿದ್ದು ಇದನ್ನೇ ಎಂದುಕೊಂಡೆ.

ಆದರೆ ಎರಡು ವರ್ಷದಲ್ಲಿ ಉಪ್ಪನ ಕಾಲೇ ಸುಳ್ಳು ಹೇಳಿತು. ಅವರಿಗೆ ಸಕ್ಕರೆ ಕಾಯಿಲೆ ಹಳೆಯದು. ಊರಿಗೆಲ್ಲ ಅಳತೆ ನೋಡಿ ಶೂ ಕೊಟ್ಟವರು ತಾವು ಹಾಕುತ್ತಿದ್ದದ್ದು ಮಾರಾಟವಾಗದೆ ಉಳಿದ ಹವಾಯಿ ಚಪ್ಪಲಿ. ಬೆರಳ ಸಂದಿಯ ಪಟ್ಟಿ ತಿಕ್ಕಿ ಗಾಯವಾಗಿ, ಹುಣ್ಣಾಗಿ, ಕೀವಾದರೂ ಅವರಿಗೆ ನೋವೇ ಗೊತ್ತಾಗಲಿಲ್ಲ. 2021ರಲ್ಲಿ ಒಂದು ಬೆರಳು ತೆಗೆಯಬೇಕಾಯಿತು.

ಡಾಕ್ಟರ್ ಎಂಸಿಆರ್ ಚಪ್ಪಲಿ ಬರೆದುಕೊಟ್ಟರು. ಮೆತ್ತನೆಯ ರಬ್ಬರಿನ ಒಳಪದರ, ಬೆರಳ ಸಂದಿಗೆ ಪಟ್ಟಿ ಇಲ್ಲ, ಹಿಂದೆ ವೆಲ್ಕ್ರೊ ಬೆಲ್ಟ್. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಹೊಸದು ಅನಿಸಲಿಲ್ಲ. ಭಾರವನ್ನು ಒಂದು ಚುಕ್ಕೆಯಿಂದ ತೆಗೆದು ಇಡೀ ಪಾದಕ್ಕೆ ಹಂಚುವುದು, ಕಾಲು ಒಳಗೆ ಜಾರದ ಹಾಗೆ ಹಿಡಿಯುವುದು, ತಿಕ್ಕುವ ಹೊಲಿಗೆ ಇರದ ಹಾಗೆ ನೋಡುವುದು. ಹದಿನೈದು ವರ್ಷದ ನರ್ತಕಿಗೂ ಎಪ್ಪತ್ತರ ಹತ್ತಿರದ ಅಂಗಡಿಯವರಿಗೂ ಲೆಕ್ಕ ಒಂದೇ. ಈಗ ಅವರಿಗೆ ಹೊಸ ಚಪ್ಪಲಿ ಕೊಡುವ ಮೊದಲು ಒಳಗೆ ಕೈ ಹಾಕಿ ಬೆರಳಾಡಿಸಿ ನೋಡುತ್ತೇನೆ. ಪಾಯಿಂಟ್ ಶೂವಿನ ಒಳಗೆ ಹಾಗೆ ನೋಡಿ ನೋಡಿ ಬಂದ ಅಭ್ಯಾಸ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ನೀವೂ ದಿನಾ ರಾತ್ರಿ ಅವರ ಪಾದ ತಿರುಗಿಸಿ ನೋಡಿ. ಅವರ ಬಾಯಿಯನ್ನೂ ನಂಬಬೇಡಿ, ಕಾಲನ್ನೂ ನಂಬಬೇಡಿ.

ಮಳೆ ಕಡಿಮೆಯಾದ ಮೇಲೆ ಆ ತಾಯಿಯ ಮನೆಗೆ ಹೇಳಿ ಕಳಿಸಿದೆ. ಬರುತ್ತಾರೋ ಇಲ್ಲವೋ ಎಂದಿತ್ತು. ಒಂದು ಭಾನುವಾರ ಸಂಜೆ ಬಂದರು. ಸಂಜೆಯೇ ಬರಲು ಹೇಳಿದ್ದೆ, ದಿನವಿಡೀ ನಡೆದ ಕಾಲು ಚೂರು ಊದಿರುತ್ತದೆ, ಅಳತೆಗೆ ಅದೇ ಒಳ್ಳೆಯದು. ಈ ಬರೆದದ್ದನ್ನೆಲ್ಲ ಅವರಿಗೆ ಹೇಳಿದೆ. ಉಗುರಿನ ಕಥೆ ಕೇಳಿ ಹುಡುಗಿ ತನ್ನ ಕಾಲಿನ ಬೆರಳು ಮಡಚಿಕೊಂಡಳು. ತಾಯಿ, "ಅವತ್ತು ಇದನ್ನೇ ಒಂದು ಮಾತು ಹೇಳಬಾರದಿತ್ತಾ" ಎಂದರು. ಹೇಳಬೇಕಿತ್ತು. ಅದು ನನ್ನ ಎರಡನೇ ತಪ್ಪು.

ಕಾಗದದ ಮೇಲೆ ನಿಲ್ಲಿಸಿ ಪಾದದ ಗೆರೆ ಎಳೆದದ್ದು ಉಪ್ಪ. ಕುರ್ಚಿಯಿಂದ ಬಗ್ಗಿ, ಪೆನ್ಸಿಲ್ ನೇರ ಹಿಡಿದು, "ಎರಡೂ ಕಾಲಿಗೆ ಭಾರ ಹಾಕು ಮೋಲೆ" ಎನ್ನುತ್ತಾ. ಆ ಅಳತೆಗೆ ನಾನು ಕ್ಯಾನ್ವಾಸಿನ ಮೆತ್ತನೆಯ ಬ್ಯಾಲೆ ಸ್ಲಿಪ್ಪರ್ ತರಿಸಿದೆ. ಬೆಲೆ ಆ ಗುಲಾಬಿ ಶೂವಿನ ಅರ್ಧಕ್ಕಿಂತ ಕಡಿಮೆ. ಎದುರು ನಿಂತು ಕಲಿಸುವ ಟೀಚರ್ ಸಿಕ್ಕಿ ಅವರು ಸರಿ ಎಂದ ದಿನ ರಿಬ್ಬನ್ನಿನದ್ದು ನಾನೇ ತರಿಸಿಕೊಡುತ್ತೇನೆ ಎಂದೂ ಹೇಳಿದ್ದೇನೆ.

ಸ್ಲಿಪ್ಪರ್ ಬಂದ ದಿನ ಹುಡುಗಿ ಅದನ್ನು ಹಾಕಿಕೊಂಡು ನಿಂತಳು. ಉಪ್ಪನ ಹೆಬ್ಬೆರಳು ಅಭ್ಯಾಸದಂತೆ ಮೂತಿಯ ಕಡೆ ಹೋಯಿತು. ಅಲ್ಲಿ ಜಾಗ ಇರಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದರು.

"ಇದು ಹೀಗೇ ಇರಬೇಕು ಉಪ್ಪ" ಎಂದೆ.

ಅವರು ಒಮ್ಮೆ ಅವಳ ಬೆರಳುಗಳನ್ನು ಬಟ್ಟೆಯ ಮೇಲಿನಿಂದಲೇ ಮುಟ್ಟಿ, ಎಲ್ಲವೂ ನೇರ ಮಲಗಿವೆ ಎಂದು ನೋಡಿಕೊಂಡು, ಹೆಬ್ಬೆರಳನ್ನು ಹಿಂದೆ ತೆಗೆದರು.